ನಿಧನ ವಾರ್ತೆಯಲ್ಲಿ ಒಂದು ಸಾಲು ಜಾಸ್ತಿ ಇರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಪತ್ರಿಕೆಯ ದಾವಣಗೆರೆ ಪುಟದಲ್ಲಿ, ಕೆಳಗಿನ ಮೂಲೆಯಲ್ಲಿ, ನನ್ನ ಮೇಸ್ತ್ರಿಯ ನಿಧನ ವಾರ್ತೆ ಬಂದಿತ್ತು. ಸಣ್ಣದೊಂದು ಫೋಟೊ, ಕೆಳಗೆ ನಾಲ್ಕು ಸಾಲು. ಹೆಸರು, ವಯಸ್ಸು 81, ನಿವೃತ್ತ ಕಾರ್ಮಿಕರು. ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ಅಂತ್ಯಕ್ರಿಯೆ ಇಷ್ಟು ಹೊತ್ತಿಗೆ, ಇಂಥಲ್ಲಿ. ಅಷ್ಟೇ.

ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಆ ನಾಲ್ಕು ಸಾಲು ಬರೆದುಕೊಟ್ಟವನು ನಾನೇ. ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ಅವರ ದೊಡ್ಡ ಮಗ "ಅಣ್ಣಾ, ಪೇಪರಿಗೆ ನೀವೇ ಬರೆದು ಕೊಟ್ಟುಬಿಡಿ" ಅಂದ. ಹೊರಗೆ ಕಟ್ಟೆಯ ಮೇಲೆ ಕೂತು, ಯಾರದ್ದೋ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಬರೆದೆ. ಎಲ್ಲರೂ ಹೇಗೆ ಬರೆಯುತ್ತಾರೋ ಹಾಗೇ ಬರೆದೆ. ಮರುದಿನ ಪೇಪರ್ ಬಿಡಿಸಿದರೆ ಪಕ್ಕದಲ್ಲೇ ಇನ್ನೂ ಮೂರು ಜನರ ವಾರ್ತೆ. ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಗೃಹಿಣಿ. ನಾಲ್ಕರಲ್ಲೂ ಅದೇ ಅಪಾರ ಬಂಧು ಬಳಗ. ಫೋಟೊ ಅದಲು ಬದಲಾಗಿದ್ದರೂ ಓದಿದವರಿಗೆ ಗೊತ್ತಾಗುತ್ತಿರಲಿಲ್ಲ.

ಹದಿನೇಳು ವರ್ಷ ಅವರ ಪಕ್ಕದಲ್ಲಿ ನಿಂತು ದುಡಿದವನು ನಾನು. ಅವರ ಕೈ ಬಗ್ಗೆ ಒಂದು ಮಾತು ಬರೆಯಲಿಲ್ಲವಲ್ಲ ಅಂತ ಅವತ್ತಿನಿಂದ ಸಂಕಟ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೇಸ್ತ್ರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಮನೆಯವರನ್ನು ಕೇಳದೆ ಬರೆಯುವುದು ಸರಿಯಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಶೆಡ್ಡಿನಲ್ಲಿ ಮೇಸ್ತ್ರಿ ಅಂದರೆ ಅವರೊಬ್ಬರೇ.

ನಾನು ಹುಟ್ಟಿದ್ದು 1962ರಲ್ಲಿ, ದಾವಣಗೆರೆಯಲ್ಲೇ. ಐಟಿಐ ಫಿಟ್ಟರ್ ಮುಗಿಸಿ 1982ರಲ್ಲಿ ಹರಿಹರದ ಒಂದು ಸಣ್ಣ ಯೂನಿಟ್ಟಿಗೆ ಸೇರಿದೆ. ನನ್ನ ಸರ್ಟಿಫಿಕೇಟಿನಲ್ಲಿ ಇನ್ನೂ ಚಿತ್ರದುರ್ಗ ಜಿಲ್ಲೆ ಅಂತಲೇ ಇದೆ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ಅಲ್ವಾ. ಯೂನಿಟ್ಟಿನಲ್ಲಿ ಎಲ್ಲ ಸೇರಿ ನಲವತ್ತು ಜನ. ಲೇತ್ ತಯಾರಿಸುತ್ತಿದ್ದೆವು. ದಿನಾ ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಬಸ್ಸು ಹತ್ತಿದರೆ ಹದಿನಾಲ್ಕು ಕಿಲೋಮೀಟರ್. ಕೈಯಲ್ಲಿ ಬುತ್ತಿ.

ಲೇತ್ ಗೊತ್ತಿಲ್ಲದವರಿಗೆ ಎರಡು ಮಾತು. ಕಬ್ಬಿಣದ ಸರಳನ್ನು ಗರಗರ ತಿರುಗಿಸಿ ಬೇಕಾದ ಆಕಾರಕ್ಕೆ ತರುವ ಮಷಿನ್ ಅದು. ಪಂಪಿನ ಶಾಫ್ಟು, ಮೆಕ್ಕೆಜೋಳ ಒಕ್ಕುವ ಮಷಿನ್ನಿನ ರಾಡು, ಎಲ್ಲ ಲೇತಿನ ಮೇಲೆ ಹುಟ್ಟಿದವೇ. ಲೇತಿನ ಉದ್ದಕ್ಕೂ ಬೀಡಿನ, ಅಂದರೆ ಎರಕದ ಕಬ್ಬಿಣದ, ಒಂದು ಬೆಡ್ಡು ಇರುತ್ತದೆ, ರೈಲು ಹಳಿ ಇದ್ದ ಹಾಗೆ. ಅದು ನೇರ ಇಲ್ಲದಿದ್ದರೆ ಆ ಮಷಿನ್ನಿನಿಂದ ಬರುವ ಒಂದು ಸಾಮಾನೂ ನೇರ ಬರುವುದಿಲ್ಲ.

ಎರಕ ಹೊಯ್ದ ಬೆಡ್ಡನ್ನು ನಾವು ಕೂಡಲೇ ಮುಟ್ಟುತ್ತಿರಲಿಲ್ಲ. ಶೆಡ್ಡಿನ ಹಿಂದೆ ತಿಂಗಳುಗಟ್ಟಲೆ ಮಳೆ ಬಿಸಿಲಿಗೆ ಬಿಡುತ್ತಿದ್ದೆವು. ಒಳಗಿನ ಬಿಗಿ ಸಡಿಲವಾಗಿ, ಎಷ್ಟು ಸೊಟ್ಟ ಆಗಬೇಕೋ ಅಷ್ಟು ಮೊದಲೇ ಆಗಿಬಿಡಲಿ ಅಂತ. ಆಮೇಲೆ ಮಷಿನ್ನಿನಲ್ಲಿ ಹೆರೆಸಿ, ಗ್ರೈಂಡ್ ಮಾಡಿಸಿದರೆ ಕನ್ನಡಿ ಥರ ಹೊಳೆಯುತ್ತದೆ. ಕಣ್ಣಿಗೆ ಪೂರ್ತಿ ಸಪಾಟು. ಆದರೆ ಸಪಾಟಲ್ಲ. ನಮ್ಮ ಕೆಲಸ ಅಲ್ಲಿಂದ ಶುರು.

ಮಾಸ್ಟರ್ ಪಟ್ಟಿ ಅಂದರೆ ಸಪಾಟು ನೋಡಲು ಇಟ್ಟುಕೊಂಡ ನೇರವಾದ ಪಟ್ಟಿ. ಅದಕ್ಕೆ ನೀಲಿ ಬಣ್ಣವನ್ನು ಬೆರಳಲ್ಲಿ ತೆಳ್ಳಗೆ ಸವರಬೇಕು. ಅದನ್ನು ಬೆಡ್ಡಿನ ಮೇಲಿಟ್ಟು ಹಿಂದೆ ಮುಂದೆ ಆಡಿಸಿ ಎತ್ತಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಹತ್ತಿರುತ್ತದೆ. ಆ ನೀಲಿಯನ್ನು ಸ್ಕ್ರೇಪರಿನಿಂದ ಕೆರೆದು ತೆಗೆಯಬೇಕು. ಸ್ಕ್ರೇಪರ್ ಅಂದರೆ ಉದ್ದನೆಯ ಉಳಿಯಂಥ ಸಾಮಾನು. ಅದರ ಹಿಡಿಯನ್ನು ಸೊಂಟಕ್ಕೆ ಒತ್ತಿ, ಮೈಯನ್ನೆಲ್ಲ ಮುಂದಕ್ಕೆ ತಳ್ಳಿ, ಕೊನೆಯಲ್ಲಿ ಮಣಿಕಟ್ಟನ್ನು ಚೂರು ತಿರುವಿ ಎತ್ತಬೇಕು. ಒಂದು ಸಲ ತಳ್ಳಿದರೆ ಹೋಗುವುದು ಕೆಲವೇ ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಮತ್ತೆ ನೀಲಿ ಹಚ್ಚು, ಮತ್ತೆ ಉಜ್ಜು, ಮತ್ತೆ ಕೆರೆ. ಒಂದಿಂಚು ಚೌಕದಲ್ಲಿ ಇಪ್ಪತ್ತು ಚುಕ್ಕೆ ಸಮನಾಗಿ ಬೀಳುವ ತನಕ ಇದೇ. ಚುಕ್ಕೆ ಎಣಿಸಲು ತಗಡಿನಲ್ಲಿ ಒಂದಿಂಚಿನ ಕಿಟಕಿ ಕತ್ತರಿಸಿ ಇಟ್ಟುಕೊಂಡಿದ್ದೆವು. ಕೆರೆದ ಸಣ್ಣ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಅದಕ್ಕೇ ಮೇಲಿನ ಭಾಗ ನಯವಾಗಿ ಜಾರುತ್ತದೆ, ಬೇಗ ಸವೆಯುವುದಿಲ್ಲ.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಬೆಡ್ಡು ಮುಟ್ಟಿದರೆ ಚುರುಕು. ಒಂದು ಮೀಟರ್ ಬೀಡು ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 11 ಮೈಕ್ರಾನ್ ಬೆಳೆಯುತ್ತದೆ. ಅದಕ್ಕೆ ಮೇಸ್ತ್ರಿ ಕೊನೆಯ ಸಲ ನೀಲಿ ಹಚ್ಚಿ ನೋಡುವುದನ್ನು ಬೆಳಿಗ್ಗೆ ಆರಕ್ಕೆ ಇಟ್ಟುಕೊಳ್ಳುತ್ತಿದ್ದರು, ಶೀಟಿಗೆ ಬಿಸಿಲು ತಾಗುವ ಮೊದಲು. ಆ ದಿನ ಹಿಂದಿನ ರಾತ್ರಿಯೇ ಬಂದು ಶೆಡ್ಡಿನಲ್ಲಿ ಮಲಗುತ್ತಿದ್ದರು. ಅದಕ್ಕೆ ಓಟಿ ಏನೂ ಇರಲಿಲ್ಲ. ಯಾರೂ ಹೇಳಿರಲೂ ಇಲ್ಲ. ಪಟ್ಟಿಯನ್ನು ನಾನು ಬರಿಗೈಯಲ್ಲಿ ಜಾಸ್ತಿ ಹೊತ್ತು ಹಿಡಿದು ನಿಂತರೆ "ನಿನ್ನ ಮೈಬಿಸಿ ಅದಕ್ಕೆ ಕೊಡಬ್ಯಾಡ ತಮ್ಮಾ" ಅನ್ನುತ್ತಿದ್ದರು. ಈಗಲೂ ನಾನು ಸ್ಟೀಲ್ ಪಟ್ಟಿ ಹಿಡಿದಾಗ ಕೆಳಗೆ ಬಟ್ಟೆ ಇಟ್ಟುಕೊಳ್ಳುತ್ತೇನೆ.

ಮೇಸ್ತ್ರಿ ಎಡಚರು. ಸ್ಕ್ರೇಪರ್ ಬಿಟ್ಟ ಗುರುತು ಅರ್ಧಚಂದ್ರನ ಹಾಗೆ ಇರುತ್ತದೆ. ನಮ್ಮೆಲ್ಲರ ಚಂದ್ರ ಒಂದು ಕಡೆ ಬಾಗಿದರೆ ಅವರದ್ದು ಇನ್ನೊಂದು ಕಡೆ. ಜೊತೆಗೆ ತುದಿಯಲ್ಲಿ ಒಂದು ಸಣ್ಣ ಎಳೆ, ಅಕ್ಷರ ಬರೆದು ಪೆನ್ನು ಎತ್ತುವಾಗ ಉಳಿಯುತ್ತದಲ್ಲ ಹಾಗೆ. ಬೇಕಂತ ಮಾಡಿದ್ದಲ್ಲ. ಅವರ ಕೈ ಇದ್ದದ್ದೇ ಹಾಗೆ. ಹತ್ತು ಬೆಡ್ಡು ಸಾಲಾಗಿ ಇಟ್ಟಿದ್ದರೂ ಯಾವುದು ಮೇಸ್ತ್ರಿಯದ್ದು ಅಂತ ಬಾಗಿಲಿನಿಂದಲೇ ಹೇಳಬಹುದಿತ್ತು.

ಒಮ್ಮೆ ಮಾಲೀಕರಿಗೆ ಇದು ಸರಿ ಕಾಣಲಿಲ್ಲ. ಎಲ್ಲ ಬೆಡ್ಡಿನ ಡಿಸೈನೂ ಒಂದೇ ಥರ ಇರಲಿ, ಗಿರಾಕಿಗಳು ಕೇಳುತ್ತಾರೆ ಅಂದರು. ಮೇಸ್ತ್ರಿ ಎದುರು ಮಾತಾಡಲಿಲ್ಲ. ಒಂದು ವಾರ ಬಲಗಡೆಗೆ ಬದಲಿಸಿ ನೋಡಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ದೊಡ್ಡ ಕೆಲಸಗಾರ, ಹೊಸದಾಗಿ ಸೇರಿದ ಹುಡುಗನ ಹಾಗೆ ತಡಕಾಡುತ್ತಿದ್ದರು. ಇಪ್ಪತ್ತು ಚುಕ್ಕೆ ಹನ್ನೆರಡಕ್ಕೆ ಇಳಿಯಿತು. ಶನಿವಾರ ಮಾಲೀಕರನ್ನು ಕರೆದು, ನೀಲಿ ಹಚ್ಚಿ ತೋರಿಸಿ, "ಚುಕ್ಕಿ ಬೇಕಾ, ಚಂದ ಬೇಕಾ ಹೇಳ್ರಿ" ಅಂತ ಕೇಳಿದರು. ಚುಕ್ಕಿ ಬೇಕು ಅಂದರು ಮಾಲೀಕರು. ಸೋಮವಾರದಿಂದ ಮತ್ತೆ ಎಡಗೈ.

ಇದನ್ನು ನಾನು ಜೀವನದಲ್ಲಿ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತು ಚುಕ್ಕೆ ಎಲ್ಲರಿಗೂ ಒಂದೇ. ಅದರಲ್ಲಿ ರಿಯಾಯಿತಿ ಇಲ್ಲ. ಅಲ್ಲಿಗೆ ಮುಟ್ಟುವ ದಾರಿ ಮಾತ್ರ ಅವರವರ ಕೈಗೆ ಬಿಟ್ಟಿದ್ದು. ನಮ್ಮ ಜನಕ್ಕೆ ಇದು ಗೊತ್ತಿಲ್ಲದ್ದೇನೂ ಅಲ್ಲ. ಆ ಡಾಕ್ಟರ ಕೈಗುಣ ಚೆನ್ನಾಗಿದೆ ಅಂತೀವಿ. ಬಿತ್ತನೆ ದಿನ ಇಂಥವರ ಕೈಯಿಂದ ಮೊದಲ ಕಾಳು ಬೀಳಲಿ ಅಂತೀವಿ. ನಮ್ಮ ಊರಲ್ಲಿ ಬೆಣ್ಣೆ ದೋಸೆಗೆ ಎಲ್ಲ ಕಡೆ ಅದೇ ಹಿಟ್ಟು, ಅದೇ ಬೆಣ್ಣೆ. ಆದರೂ ಕಾವಲಿ ಮುಂದೆ ಆ ಭಟ್ಟರು ಇದ್ದರೆ ಮಾತ್ರ ಹೋಗುವವರು ಇದ್ದಾರೆ. ಕಾರ್ಖಾನೆಯಲ್ಲಿ ದುಡಿದವನಿಗೂ ಕೈಗುಣ ಇರುತ್ತದೆ ಅನ್ನುವುದು ಮಾತ್ರ ಯಾಕೋ ಯಾರ ಮನಸ್ಸಿಗೂ ಬರುವುದಿಲ್ಲ.

ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನ ಇದೆಯಲ್ಲ, ಅಲ್ಲಿಗೆ ಮೇಸ್ತ್ರಿ ನನ್ನನ್ನು ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿದ್ದರು. ಹೊಯ್ಸಳರ ಕಾಲದ್ದು, 1224ರ ಸುಮಾರಿಗೆ ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು. ಮಂಟಪದ ಅಂಚಿನ ಗೋಡೆ ಮೇಲೆ ನಿಂತಿರುವ ಅರೆಗಂಬಗಳು ಲೇತಿನಲ್ಲಿ ತಿರುವಿದ ಕಲ್ಲು. ಬಳೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸುತ್ತು. ಮೇಸ್ತ್ರಿ ದೇವರಿಗೆ ಕೈ ಮುಗಿದು ಬಂದವರೇ ಒಂದು ಕಂಬದ ಸುತ್ತ ಬೆರಳು ಆಡಿಸುತ್ತಾ ನಿಂತುಬಿಟ್ಟರು. ಕಣ್ಣು ಮುಚ್ಚಿದ್ದರು. ಆಮೇಲೆ ಪಕ್ಕದ ಕಂಬಕ್ಕೆ ಹೋಗಿ ಹಾಗೇ ಮಾಡಿದರು. "ಇದು ಬ್ಯಾರೆಯವನ ಕೆಲಸ ನೋಡು" ಅಂದರು. ನನಗೆ ಎರಡೂ ಒಂದೇ ಥರ ಕಂಡವು. ಕಟ್ಟಿಸಿದ ದಂಡನಾಯಕನ ಹೆಸರು ಬೋರ್ಡಿನಲ್ಲಿ ಓದಿದೆವು. ಹೊರಗೆ ಬರುವಾಗ ಮೇಸ್ತ್ರಿ ಇನ್ನೂ ಆ ಕೈಯ ಬಗ್ಗೆಯೇ ಮಾತಾಡುತ್ತಿದ್ದರು.

1999ರಲ್ಲಿ ಯೂನಿಟ್ಟು ಮುಚ್ಚಿತು. ಆರ್ಡರ್ ಇಲ್ಲ ಅಂದರು. ಬಾಕಿ ಪೂರ್ತಿ ಸಿಗಲಿಲ್ಲ. ಈ ಕಥೆ ನಮ್ಮ ಜಿಲ್ಲೆಯಲ್ಲಿ ಬಹಳ ಮನೆಗಳದ್ದು, ಅದನ್ನು ಬೆಳೆಸುವುದಿಲ್ಲ. ಮೇಸ್ತ್ರಿ ತಮ್ಮ ಸ್ಕ್ರೇಪರನ್ನು ನನ್ನ ಕೈಗೆ ಕೊಟ್ಟು ಮನೆಗೆ ಹೋದರು. ಹಳೇ ಅರವನ್ನು ಮಸೆದು ಮಾಡಿಕೊಂಡಿದ್ದು ಅದು. ಮರದ ಹಿಡಿ ಅವರ ಎಡ ಸೊಂಟಕ್ಕೆ ಕೂರುವಂತೆ ಸವೆದಿದೆ. ನನಗೆ ಕೂರುವುದಿಲ್ಲ. ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಆಮೇಲೆ ನಾನು ಲೋಕಿಕೆರೆ ರಸ್ತೆಯ ಒಂದು ಶೆಡ್ಡಿನಲ್ಲಿ ಹಳೇ ಲೇತ್ ರಿಪೇರಿಗೆ ಸೇರಿದೆ. ಇವತ್ತಿಗೂ ಅದೇ ಕೆಲಸ.

ಮೂರು ವರ್ಷದ ಹಿಂದೆ ಯಾವುದೋ ಅರ್ಜಿ ಹಾಕಲು ಒಂದು ಕಚೇರಿಗೆ ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ವೃತ್ತಿ ಏನು ಅಂತ ಕೇಳಿದಳು. ಸ್ಕ್ರೇಪರ್ ಫಿಟ್ಟರ್ ಅಂದೆ. ಪಾಪ, ಹುಡುಕಿದಳು. "ಅಂಕಲ್, ಲಿಸ್ಟಲ್ಲಿ ಇಲ್ಲ. ಕೃಷಿ, ವ್ಯಾಪಾರ, ಸರ್ಕಾರಿ, ಖಾಸಗಿ, ಕೂಲಿ, ಗೃಹಿಣಿ, ಇತರೆ, ಇಷ್ಟೇ ಇರೋದು" ಅಂದಳು. ಕೂಲಿ ಅಂತ ಒತ್ತಿದಳು. ಪಕ್ಕದಲ್ಲಿದ್ದ ನನ್ನ ಮನೆಯವಳಿಗೆ ಕೇಳದೇ ಗೃಹಿಣಿ ಅಂತ ಒತ್ತಿದಳು. ಕೂಲಿ ಅನ್ನುವುದು ಕೆಟ್ಟ ಪದ ಅಂತ ನಾನು ಹೇಳುವುದಿಲ್ಲ. ದುಡಿದು ತಿನ್ನುವವನಿಗೆ ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಆದರೆ ಅದು ನಾನು ಮಾಡುವ ಕೆಲಸದ ಹೆಸರಲ್ಲ.

ಕೆಲಸದ ಹೆಸರಿಗೆ ನಮ್ಮ ನಾಡಿನಲ್ಲಿ ಒಂದು ಕಾಲದಲ್ಲಿ ಎಷ್ಟು ಬೆಲೆ ಇತ್ತು ನೋಡಿ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ. ಬಟ್ಟೆ ಒಗೆದವರು, ಹಗ್ಗ ಹೊಸೆದವರು, ನೂಲು ತೆಗೆದವರು. ಕೆಲಸವನ್ನೇ ಹೆಸರಿನ ಮುಂದೆ ಇಟ್ಟುಕೊಂಡರು. ವಚನದ ಕೊನೆಗೆ ಹೆಚ್ಚಿನವರು ತಮ್ಮ ಇಷ್ಟದ ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ, ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಇಟ್ಟ. ಅಂಬಿಗ ಚೌಡಯ್ಯ ಅಂತ. ಕೆಲಸವೂ ಅದರಲ್ಲಿದೆ, ಅವನೂ ಇದ್ದಾನೆ. ಅವನ ಊರು ಅಂತ ಹೇಳುವ ಚೌಡಯ್ಯದಾನಪುರ ಇರುವುದು ಹರಿಹರದ ಪಕ್ಕ ಹರಿಯುವ ಇದೇ ತುಂಗಭದ್ರೆಯ ದಂಡೆಯಲ್ಲಿ, ನಮಗೆ ತೀರಾ ದೂರವೇನೂ ಅಲ್ಲ. ಬಸ್ಸಿನಲ್ಲಿ ಹೊಳೆ ದಾಟುವಾಗೆಲ್ಲ ನನಗೆ ಅವನ ನೆನಪು ಬರುತ್ತದೆ.

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಸಾಲ ಮಾಡದೆ ಮೂವರು ಮಕ್ಕಳನ್ನು ಓದಿಸಿದರು. ಕಡಿದ ನೂಲನ್ನು ಒಂದೇ ಕೈಯ ಎರಡು ಬೆರಳಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಿದ್ದರು. ಅದೇ ಬೆರಳಲ್ಲಿ ಅಮಾವಾಸ್ಯೆಗೆ ಮಲ್ಲಿಗೆ ಕಟ್ಟುತ್ತಿದ್ದರು. ಅವ್ವ ಕಟ್ಟಿದ್ದಕ್ಕಿಂತ ಒತ್ತಾಗಿ ಇರುತ್ತಿತ್ತು. ಅವರು ತೀರಿಕೊಂಡಾಗ ಪೇಪರಿಗೆ ಕೊಡಬೇಕು ಅಂತಲೇ ನಮಗೆ ಹೊಳೆಯಲಿಲ್ಲ. ಈಗ ನನ್ನ ಮೊಮ್ಮಗಳು "ಮುತ್ತಾತ ಏನು ಮಾಡ್ತಿದ್ರು" ಅಂದರೆ ಗಿರಣಿಗೆ ಹೋಗ್ತಿದ್ರು ಅಂತೀನಿ. ಬೆರಳು ತೋರಿಸಿ ಹೇಳೋಣ ಅಂದರೆ ನನಗೆ ಆ ಗಂಟು ಬರುವುದಿಲ್ಲ.

ಮಗ ಬೆಂಗಳೂರಲ್ಲಿದ್ದಾನೆ. ಗಿರಾಕಿಗಳ ದೂರು ಕೇಳುವ ಕೆಲಸ, ಫೋನಿನಲ್ಲಿ. ಹಬ್ಬಕ್ಕೆ ಬಂದಾಗ, "ಅಪ್ಪಾ, ನಾನು ಇವತ್ತು ಬಿಟ್ರೆ ನಾಳೆ ಇನ್ನೊಬ್ಬ ಬಂದು ಕೂರ್ತಾನೆ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ನನಗೆ ಅಲ್ಲಿ ಇರೋದು ಒಂದು ನಂಬರ್ ಅಷ್ಟೇ" ಅಂದ. ಆ ಮಾತು ನನಗೆ ಬಹಳ ನೋವಾಯಿತು. ಎಷ್ಟು ಗಂಟೆ ದುಡಿಯಬೇಕು ಅಂತ ದೊಡ್ಡವರೆಲ್ಲ ಮಾತಾಡುತ್ತಾರೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಆಮೇಲೆ ಇನ್ನೊಬ್ಬರು 90 ಅಂದರು. ನಾವು ದುಡಿದದ್ದು 1948ರ ಕಾರ್ಖಾನೆ ಕಾಯಿದೆ ಇದ್ದ ಕಾಲದಲ್ಲಿ, ವಾರಕ್ಕೆ 48 ಗಂಟೆ. ಮೇಸ್ತ್ರಿ ರಾತ್ರಿಯೇ ಬಂದು ಶೆಡ್ಡಿನಲ್ಲಿ ಮಲಗಿದ್ದು ಯಾರೋ ಗಂಟೆ ಎಣಿಸಿದರು ಅಂತ ಅಲ್ಲ. ಆ ಬೆಡ್ಡು ಅವರದ್ದು ಅಂತ. ನನ್ನ ಮಗನಿಗೆ ತನ್ನದು ಅನ್ನಿಸುವ ಒಂದು ಬೆಡ್ಡು ಯಾರು ಕೊಡುತ್ತಾರೆ? ಗಂಟೆ ಕೇಳುವವರು ಮೊದಲು ಅದಕ್ಕೆ ಉತ್ತರ ಹೇಳಲಿ.

ಮಾತು ಮುಂದುವರಿದಾಗ ಅವನೇ ಇನ್ನೊಂದು ಹೇಳಿದ. ಹೊಸದುರ್ಗ ಕಡೆಯ ಒಬ್ಬ ಅಜ್ಜಿ ಫೋನ್ ಮಾಡಿದಾಗೆಲ್ಲ "ಆ ನಿಧಾನ ಹೇಳೋ ಹುಡುಗನಿಗೆ ಕೊಡ್ರಿ" ಅಂತ ಇವನನ್ನೇ ಕೇಳುತ್ತಾರಂತೆ. ಹೇಳುವಾಗ ಅವನ ಮುಖ ನೋಡಿದೆ. ಅವನ ಚಂದ್ರ ಯಾವ ಕಡೆ ಬಾಗಿದೆ ಅಂತ ಆ ಅಜ್ಜಿಗೆ ಗೊತ್ತಿದೆ. ಅವನ ಕಂಪನಿಯ ಯಾವ ಕಾಲಂನಲ್ಲೂ ಅದು ಇಲ್ಲ.

ಈಗ ಗ್ರೈಂಡಿಂಗ್ ಮಷಿನ್ನುಗಳು ಎಷ್ಟು ಚೆನ್ನಾಗಿವೆ ಅಂದರೆ ಬಹಳಷ್ಟು ಮಷಿನ್ನಿಗೆ ಕೈಯಲ್ಲಿ ಕೆರೆಯುವ ಅಗತ್ಯವೇ ಇಲ್ಲ. ಅದು ಒಳ್ಳೆಯದೇ. ನನ್ನ ಸೊಂಟದಲ್ಲಿ ಆ ಹಿಡಿ ಒತ್ತಿದ ಜಾಗ ಇನ್ನೂ ಗಟ್ಟಿ ಇದೆ, ಚಳಿಗಾಲದಲ್ಲಿ ನೋಯುತ್ತದೆ. ಆ ನೋವು ಮುಂದಿನವರಿಗೂ ಇರಲಿ ಅಂತ ನಾನು ಬಯಸುವವನಲ್ಲ. ಕೆಲಸ ಬದಲಾಗಲಿ. ಮಾಡಿದವರ ಗುರುತು ಅಳಿಸಿ ಹೋಗುವುದು ಬೇಡ ಅನ್ನುವುದಷ್ಟೇ ನನ್ನ ಮಾತು.

ಯಾಕಂದರೆ ಅದು ತಾನಾಗಿ ಅಳಿಸುವುದಿಲ್ಲ. ನಾಲ್ಕು ವರ್ಷದ ಹಿಂದೆ ಚಿತ್ರದುರ್ಗದ ಒಂದು ವರ್ಕ್‌ಶಾಪಿಗೆ ಹಳೇ ಲೇತ್ ನೋಡಲು ಹೋಗಿದ್ದೆ. ಹೆಸರಿನ ಪ್ಲೇಟು ಕಿತ್ತುಹೋಗಿತ್ತು. ಮೇಲೆ ಎರಡು ಮೂರು ಸಲ ಬಣ್ಣ ಹೊಡೆದಿದ್ದರು. ಲೇತಿನ ಬೆಡ್ಡು, ಸರಳನ್ನು ಕಚ್ಚಿ ಹಿಡಿಯುವ ಚಕ್ಕಿನ ಹತ್ತಿರ ಜಾಸ್ತಿ ಸವೆಯುತ್ತದೆ, ಕೆಲಸ ಎಲ್ಲ ಅಲ್ಲೇ ನಡೆಯುವುದು. ಆ ಕಡೆ ತುದಿ ಹಾಗೇ ಉಳಿದಿರುತ್ತದೆ. ಅಲ್ಲಿ ಕಟ್ಟಿದ್ದ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಒರೆಸುತ್ತಾ ಇದ್ದ ಹಾಗೇ ಕೈ ನಿಂತಿತು. ಅರ್ಧಚಂದ್ರಗಳು, ಎಲ್ಲ ಆ ಕಡೆ ಬಾಗಿದವು. ತುದಿಯಲ್ಲಿ ಸಣ್ಣ ಎಳೆ.

ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ಆಗಲೇ ಅವರಿಗೆ ಕಣ್ಣು ಮಂಜು, ಫೋಟೊ ಕಳಿಸಿ ಪ್ರಯೋಜನ ಇರಲಿಲ್ಲ. "ನಿಮ್ಮ ಬೆಡ್ಡು ಸಿಕ್ಕಿದೆ ಮೇಸ್ತ್ರೀ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ. "ಚುಕ್ಕಿ ಎಷ್ಟದಾವು?" ನನ್ನ ಚೀಲದಲ್ಲಿ ನೀಲಿ ಇತ್ತು. ಹಚ್ಚಿ, ಪಟ್ಟಿ ಆಡಿಸಿ, ತಗಡಿನ ಕಿಟಕಿ ಇಟ್ಟು ಎಣಿಸಿದೆ. ಹತ್ತೊಂಬತ್ತು ಬಂತು. ಹೇಳಿದೆ. "ಸರಿಯಾಗಿ ಒರೆಸಿ ಇನ್ನೊಮ್ಮೆ ನೋಡು" ಅಂದರು. ಮತ್ತೆ ಒರೆಸಿ ನೋಡಿದೆ. ಇಪ್ಪತ್ತಿತ್ತು.

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ನಿಧನ ವಾರ್ತೆ ಬರೆದುಕೊಡಲು ಬಂದವರನ್ನು ನಿಮ್ಮ ವರದಿಗಾರರು, ಏಜೆಂಟರು ಒಂದೇ ಒಂದು ಪ್ರಶ್ನೆ ಕೇಳಲಿ: "ಅವರು ಏನನ್ನು ಚೆನ್ನಾಗಿ ಮಾಡುತ್ತಿದ್ದರು?" ದುಃಖದಲ್ಲಿ ಇರುವವರಿಗೆ ತಾವಾಗಿ ಹೊಳೆಯುವುದಿಲ್ಲ, ಕೇಳಿದರೆ ಹೇಳುತ್ತಾರೆ. ಆ ಉತ್ತರಕ್ಕೆ ಒಂದು ಸಾಲು ಜಾಗ ಕೊಡಿ. ಬೇಕಾದರೆ ಅಪಾರ ಬಂಧು ಬಳಗವನ್ನು ತೆಗೆಯಿರಿ, ಜಾಗ ಸಿಗುತ್ತದೆ. ಕಚೇರಿಗಳ ಅರ್ಜಿಯಲ್ಲೂ ವೃತ್ತಿಯ ಪಕ್ಕ ಒಂದು ಖಾಲಿ ಗೆರೆ ಇದ್ದರೆ ಒಳ್ಳೆಯದು. ಅದನ್ನು ಓದುವ ಅಧಿಕಾರಿಗಳು ಯಾರಾದರೂ ಇದ್ದರೆ ಗಮನಿಸಲಿ.

ಅವತ್ತು ಕಟ್ಟೆಯ ಮೇಲೆ ನಾನು ಬರೆಯಬೇಕಾಗಿದ್ದ ಸಾಲು ಇದು: "ಲೇತಿನ ಬೆಡ್ಡು ಕೆರೆಯುವುದರಲ್ಲಿ ಎಡಗೈ ಮೇಸ್ತ್ರಿ. ಇಂಚಿಗೆ ಇಪ್ಪತ್ತು ಚುಕ್ಕೆಗಿಂತ ಕಡಿಮೆ ಇದ್ದ ಬೆಡ್ಡನ್ನು ಶೆಡ್ಡಿನಿಂದ ಹೊರಗೆ ಬಿಟ್ಟವರಲ್ಲ."

ಈ ಪತ್ರವನ್ನು ನಿನ್ನೆ ರಾತ್ರಿ ನನ್ನ ಮನೆಯವಳಿಗೆ ಓದಿ ಹೇಳಿದೆ. ಹದಿನೆಂಟು ವರ್ಷದಿಂದ ಅವಳು ಕಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ದಿನಕ್ಕೆ ನೂರೈವತ್ತು. ಬೆಳಿಗ್ಗೆ ಐದಕ್ಕೆ ನಮ್ಮ ಓಣಿಯಲ್ಲಿ ಮೂರು ಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತದೆ. ಎರಡು ತಟ್ಟು, ಒಂದು ತಿರುವು, ಮತ್ತೆ ಎರಡು ತಟ್ಟು, ಅದು ಇವಳದ್ದು. ಹಾಸಿಗೆಯಲ್ಲೇ ಗೊತ್ತಾಗುತ್ತದೆ. ಸರ್ಕಾರದ ಲಿಸ್ಟಿನಲ್ಲಿ ಇವಳು ಗೃಹಿಣಿ. ಓದಿ ಮುಗಿಸಿದ ಮೇಲೆ, ನಿನ್ನ ಬಗ್ಗೆ ಏನು ಬರೆಯಬೇಕು ಹೇಳು ಅಂದೆ. ಹಂಚಿನ ಮೇಲೆ ಇದ್ದ ರೊಟ್ಟಿಗೆ ಒದ್ದೆ ಬಟ್ಟೆ ಆಡಿಸುತ್ತಿದ್ದಳು. ಅದನ್ನು ತಿರುವಿ ಹಾಕಿ, ಉಬ್ಬುವ ತನಕ ನೋಡಿ, ತೆಗೆದು ಗೋಡೆಗೆ ಒರಗಿಸಿ ಇಟ್ಟಳು. ಆಮೇಲೆ ಹೇಳಿದಳು:

"ಅಂಚು ಒಡೀತಿರ್ಲಿಲ್ಲ ಅಂತ ಬರೀರಿ."

ಇಂತಿ ನಿಮ್ಮ ಓದುಗ,
ಒಬ್ಬ ಸ್ಕ್ರೇಪರ್ ಫಿಟ್ಟರ್
ನಿಟುವಳ್ಳಿ, ದಾವಣಗೆರೆ